ಬೆಣ್ಣೆಗೆ ಹಾಕಿದ ನುಗ್ಗೆಸೊಪ್ಪು

ನವೆಂಬರ್ ೧೪, ಶುಕ್ರವಾರ

ಕಾಲು ಸೋತಿದೆ, ಆದರೂ ನಿದ್ದೆ ಇಲ್ಲ. ಆ ಬೆಣ್ಣೆಯದೇ ಯೋಚನೆ.

ಮೊಮ್ಮಗಳು ಸಂಯುಕ್ತಾ ಕಪ್ಪೆಚಿಪ್ಪಿನ ಆಕಾರದ ಪುಟ್ಟ ಫ್ರೆಂಚ್ ಕೇಕು ಮಾಡುತ್ತೇನೆಂದು ಒಲೆಯ ಮೇಲೆ ಬೆಣ್ಣೆ ಇಟ್ಟು, ಫೋನ್ ಹಿಡಿದು ಆಚೆ ಹೋದಳು. ಬೆಣ್ಣೆ ಕೆಂಪಗಾಗತೊಡಗಿತು. ಈ ಹುಡುಗಿಗೆ ತುಪ್ಪ ಕಾಯಿಸಲೂ ಬರುವುದಿಲ್ಲವಲ್ಲ ಎಂದುಕೊಂಡು, ಕಾಂಪೌಂಡಿನ ಮರದಿಂದ ನುಗ್ಗೆಸೊಪ್ಪು ಮುರಿದು ತಂದು ಹಾಕಿ ಇಳಿಸಿದೆ. ಕೆಂಪಗಾಗಲೆಂದೇ ಇಟ್ಟಿದ್ದಳಂತೆ!

"ಏನಜ್ಜಿ ಹಾಕ್ದೆ ಇದಕ್ಕೆ?"

"ನುಗ್ಗೆಸೊಪ್ಪು ಕಣೇ. ನಿಮ್ ಫ್ರೆಂಚ್‌ನೋರು ತುಪ್ಪಕ್ಕೆ ಏನಾಕ್ತಾರೆ, ಮಣ್ಣಾ?"

ಸಂಜೆ ಆರ್.ಟಿ. ನಗರದಿಂದ ಅವಳ ಗೆಳತಿಯರು ಬರುವವರಿದ್ದರು. ಮನೆಯಲ್ಲಿ ಬೇರೆ ಬೆಣ್ಣೆ ಇರಲಿಲ್ಲ. ನಾನೂ ಜಗಳಕ್ಕೆ ಸೆರಗು ಸಿಕ್ಕಿಸಿ ನಿಂತೆ. ಅಷ್ಟರಲ್ಲಿ ಸೊಸೆ ರಾಧಾಮಣಿ ಮಗಳ ಕಿವಿಯಲ್ಲಿ, "ಹೋಗ್ಲಿ ಬಿಡೇ, ಅವರಿಗೂ ವಯಸ್ಸಾಯ್ತು" ಅಂದಳು. ಹುಡುಗಿ ಸೊಪ್ಪು ಸೋಸಿ, ಅದರಲ್ಲೇ ಕೇಕು ಮಾಡಿದಳು. ಬಂದವರು ತಿಂದರು, ನಕ್ಕರು, ಹೋದರು.

ಈ ಸೊಸೆ ಬಂದ ದಿನದಿಂದ ನನ್ನ ಒಂದು ಮಾತಿಗೆ ಎರಡು ಎದುರುತ್ತರ ಕೊಟ್ಟವಳು. ಇವತ್ತು ಹಾಲು ಆರಿಸಿ ತಂದು, "ಕುಡೀರಿ ಅತ್ತೆ" ಅನ್ನುತ್ತಾಳೆ, ಕೂಸಿಗೆ ಹೇಳುವ ಹಾಗೆ.

ಬೈದಿದ್ದರೆ ತಿರುಗಿಸಿ ಬೈದು ನೆಮ್ಮದಿಯಾಗಿ ಮಲಗುತ್ತಿದ್ದೆ. ಹೋಗಲಿ ಬಿಡು ಅಂದವರಿಗೆ ಏನೆಂದು ಎದುರಾಡುವುದು? ನಾಳೆ ಬೆಳಿಗ್ಗೆ ಎದ್ದ ತಕ್ಷಣ ಸೊಸೆಯ ಸಾರಿಗೆ ಉಪ್ಪಿಲ್ಲ ಅಂತ ಜಗಳ ತೆಗೆಯಬೇಕು, ಎದುರು ಮಾತಾಡುತ್ತಾಳೋ ಇಲ್ಲವೋ ನೋಡೋಣ.