ಕ್ರಿಯೋನೇರಿಯ ಎರಡು ಘಟ್ಟಗಳು

ಕ್ರಿ.ಶ. ೨೧೯೧, ಸೆಪ್ಟೆಂಬರ್ ೩೦, ಶುಕ್ರವಾರ
ಕ್ರಿಯೋನೇರಿ, ಪಿಂಡಸ್ ಪರ್ವತಸಾಲು, ಗ್ರೀಸ್

ತಾಳಿಕೋಟೆಯ ಭಾಗೀರಥಿ ಕೋಳೂರ ಅವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ಬಸವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಬದಿಗಿಡಬೇಡಿ. ಇದು ನಿಮ್ಮ ಕೈಗೆ ಹೇಗೆ ಮುಟ್ಟಿತೆಂದೂ ಕೇಳಬೇಡಿ, ಅದು ನನಗೂ ಪೂರಾ ತಿಳಿಯದು. ನನ್ನ ಕನ್ನಡವನ್ನು ಮಾತ್ರ ಕ್ಷಮಿಸಬೇಕು. ಇದನ್ನು ನಾನು ಕಲಿತದ್ದು ಅಜ್ಜಿಯ ಅಡುಗೆಮನೆಯಲ್ಲಿ. ಹಿಟ್ಟಿಗೆ, ಉಪ್ಪಿಗೆ, ಜೋಗುಳಕ್ಕೆ, ಬೈಗುಳಕ್ಕೆ ಬೇಕಾದ ಮಾತು ನನ್ನಲ್ಲಿ ಧಾರಾಳವಾಗಿದೆ. ಕಾಯಿದೆ ಕಟ್ಟಳೆಯ ಮಾತು ಕಡಿಮೆ. ನಿಮ್ಮ ಕಾಲದಲ್ಲಿಲ್ಲದ ಕೆಲವು ಸಂಗತಿಗಳಿಗೆ ಹೆಸರುಗಳನ್ನು ನಾನೇ ಕಟ್ಟಿಕೊಂಡಿದ್ದೇನೆ. ಇದನ್ನು ಓದುವಾಗ ನಿಮಗೆ ಇಪ್ಪತ್ತೆಂಟು ವರ್ಷ, ಬರೆಯುವ ನನಗೆ ಅರವತ್ತು. ಆದರೂ ನಿಮ್ಮನ್ನು ಅಜ್ಜಿ ಎಂದೇ ಕರೆಯುತ್ತೇನೆ. ಇನ್ನು ಮೂರು ವರ್ಷಕ್ಕೆ ನೀವು ಸೈಕಲ್ ತುಳಿಯುತ್ತ ಈ ಬೆಟ್ಟಗಳಿಗೆ ಬಂದು ಇಲ್ಲೇ ನಿಂತುಬಿಡುತ್ತೀರಿ. ಅದಕ್ಕಿಂತ ಹೆಚ್ಚು ಹೇಳಿದರೆ ನಿಮ್ಮ ಬಾಳಿನ ರುಚಿ ಕೆಡಿಸಿದಂತಾದೀತು.

ಕ್ರಿಯೋನೇರಿ ಎಂದರೆ ಈ ಭಾಷೆಯಲ್ಲಿ ತಣ್ಣೀರು. ಊರಿನಲ್ಲಿ ಮೂವತ್ತೊಂದು ಜನರಿದ್ದೇವೆ. ನಾನು ರೊಟ್ಟಿ ಸುಡುವವಳು. ನಿಮ್ಮ ಜೋಳದ ರೊಟ್ಟಿಯಲ್ಲ, ಒಲೆಯ ಗೂಡಿನಲ್ಲಿ ಉಬ್ಬಿಸಿ ಬೇಯಿಸುವ ಗೋಧಿಯ ದಪ್ಪ ರೊಟ್ಟಿ. ಬಸವ್ವ ಎಂಬ ಹೆಸರು ಇವರ ನಾಲಿಗೆಗೆ ಹೊರಳದೆ ನನ್ನನ್ನು ವಾಸೊ ಎನ್ನುತ್ತಾರೆ. ಮೋಟಾರು ಕಾರುಗಳು ಇಲ್ಲಿಗೆ ಬರುವುದು ನಿಂತು ಅರವತ್ತು ವರ್ಷವಾಯಿತು. ವಾರಕ್ಕೆ ಮೂರು ಸಲ ಮೌನಗಾಡಿ ಬರುತ್ತದೆ. ಸದ್ದಿಲ್ಲದ, ಚಾಲಕನಿಲ್ಲದ ಆಸ್ಪತ್ರೆ ಗಾಡಿ ಅದು, ಆದ್ದರಿಂದ ಆ ಹೆಸರಿಟ್ಟೆ. ನನ್ನ ಜೊತೆ ಹಿಟ್ಟು ನಾದುವ ಎವಾಂಥಿಯಾಳ ಮೂತ್ರಪಿಂಡ ಕೆಟ್ಟಿದೆ. ಅವಳ ರಕ್ತ ತೊಳೆಯುವ ಯಂತ್ರ ಆ ಗಾಡಿಯಲ್ಲೇ ಇರುತ್ತದೆ. ಎಪ್ಪತ್ತೊಂದರ ಹೆಂಗಸು ಅದರೊಳಗೆ ಮಲಗಿ, ಕಿಟಕಿಯಿಂದ ಊರವರ ಮೇಲೆಲ್ಲ ಟೀಕೆ ಮಾಡುತ್ತ ನಾಲ್ಕು ತಾಸು ಕಳೆಯುತ್ತಾಳೆ.

ಗಾಡಿಗೆ ರಸ್ತೆ ಬೇಕು, ರಸ್ತೆಗೆ ಕಾಲ್ದಿನ ಬೇಕು. ನಮ್ಮ ಕಾಲದ ಕಾಯಿದೆ ಹೀಗಿದೆ: ಬೆಟ್ಟದ ಯಾವುದೇ ರಸ್ತೆಯನ್ನು ಆ ರಸ್ತೆಯ ಊರಿನವರು ಒಬ್ಬರಾದರೂ ವರ್ಷಕ್ಕೊಮ್ಮೆ, ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ, ತಮ್ಮ ಕಾಲಿನ ಬಲದಿಂದಲೇ ಈ ತುದಿಯಿಂದ ಆ ತುದಿಗೆ ದಾಟಬೇಕು, ಆ ದಿನವೇ ಕಾಲ್ದಿನ. ಸರ್ಕಾರದಿಂದ ಬಂದ ದಾರಿಸಾಕ್ಷಿ ಹಿಂದಿನಿಂದ ಬಂದು ನೋಡಿ ಬರೆಯಬೇಕು. ದಾಟದಿದ್ದರೆ ಆ ರಸ್ತೆ ಯಾರಿಗೂ ಬೇಡವೆಂದು ಅರ್ಥ. ಆಗ ಅದನ್ನು ಕಾಡಿಗೆ ಬಿಡುತ್ತಾರೆ. ಸೇತುವೆ ಬಿಚ್ಚುತ್ತಾರೆ, ಗಾಡಿ ನಿಲ್ಲುತ್ತದೆ, ಊರವರಿಗೆ ಬಯಲುಸೀಮೆಯ ಗೋಪುರಮನೆಗಳಲ್ಲಿ ಒಂದೊಂದು ಕೋಣೆ ಕೊಡುತ್ತಾರೆ. ಕಾಡು ಹೆಚ್ಚಲೆಂದು ಮಾಡಿದ ಕಾಯಿದೆ, ಕೆಟ್ಟದ್ದೆನ್ನಲಾರೆ. ಆದರೆ ನಮ್ಮ ರಸ್ತೆ ನದಿಯ ದಡದ ಪ್ಲಾತಾನೊದಿಂದ ಆಚೆ ಕಡೆಯ ಮಿಲಿಯಾವರೆಗೆ ಎಂಬತ್ತೆರಡು ಕಿಲೋಮೀಟರ್. ನಡುವೆ ಎರಡು ಘಟ್ಟಗಳು, ಎರಡರ ಮಧ್ಯದ ತಗ್ಗಿನಲ್ಲಿ ನಮ್ಮೂರು.

ಇಪ್ಪತ್ತಾರು ವರ್ಷ ಈ ದಾರಿಯನ್ನು ಎವಾಂಥಿಯಾಳ ಅಣ್ಣ ಝೀಸಿಸ್ ಒಬ್ಬನೇ ಸೈಕಲ್ಲಿನಲ್ಲಿ ದಾಟಿದ. ಕಳೆದ ವರ್ಷ ಮಾರ್ಚಿನಲ್ಲಿ ಮಾಡಿನ ಕಲ್ಲುಹಂಚು ಸರಿಪಡಿಸಲು ಹತ್ತಿ, ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಊರವರೆಲ್ಲ ಅವನ ಹಾಸಿಗೆಯ ಸುತ್ತ ನಿಂತೆವು. ಹೆಚ್ಚಿನವರು ಎಪ್ಪತ್ತು ದಾಟಿದವರು. ನಾನು ದಿನಾ ಬೆಳಿಗ್ಗೆ ಮೇಲಿನ ಕೇರಿಗೆ ಸೈಕಲ್ಲಿನಲ್ಲಿ ರೊಟ್ಟಿ ಒಯ್ಯುವವಳು, ಹೋಗಿಬಂದು ಆರು ಕಿಲೋಮೀಟರ್.

"ನಾನು ಹೋಗುತ್ತೇನೆ" ಎಂದೆ.

ಝೀಸಿಸ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ನಿನಗೆಷ್ಟು ವಯಸ್ಸು?"

"ಐವತ್ತೊಂಬತ್ತು."

"ರೊಟ್ಟಿ ತಿನ್ನುವುದನ್ನು ಇವತ್ತೇ ಅರ್ಧಕ್ಕಿಳಿಸು. ನಾಳೆ ಬೆಳಿಗ್ಗೆ ಬಾ."

ಅವನ ಉಕ್ಕಿನ ಹಳೆಯ ಸೈಕಲ್ಲನ್ನು ನನ್ನ ಎತ್ತರಕ್ಕೆ ಇಳಿಸಿಕೊಂಡೆವು. ಬೇಸಿಗೆಯಿಡೀ ಅವನನ್ನು ಹೇಸರಗತ್ತೆಯ ಮೇಲೆ ಕೂರಿಸಿ ಎರಡನೆಯ ಘಟ್ಟದ ಮೊದಲ ತಿರುವಿಗೆ ಒಯ್ದು ಕುರ್ಚಿಯಲ್ಲಿ ಕೂರಿಸುತ್ತಿದ್ದೆವು. ನಾನು ಅಲ್ಲಿಂದ ಮೇಲಿನ ಮೂರು ಕಿಲೋಮೀಟರ್ ಏರನ್ನು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಅವನು ಊರುಗೋಲು ನೆಲಕ್ಕೆ ಬಡಿದು ಕೂಗುತ್ತಿದ್ದ. "ಭುಜ ಕುಣಿಸಬೇಡ ವಾಸೊ, ಸೈಕಲ್ ತುಳಿಯುವುದು ಭುಜವಲ್ಲ! ಮೇಲೆ ನೋಡಬೇಡ, ಮುಂದಿನ ಹತ್ತು ಮಾರು ನೋಡು!" ಮೇ ತಿಂಗಳಲ್ಲಿ ನಾಲ್ಕು ಸಲ ಇಳಿದು ತಳ್ಳುತ್ತಿದ್ದೆ. ಜುಲೈಗೆ ಒಮ್ಮೆಯೂ ಇಳಿಯಲಿಲ್ಲ. ಒಂದು ದಿನ ಮೇಲಿಂದ ಬಂದಾಗ ಝೀಸಿಸ್ ನೀರಿನ ಬಾಟಲಿ ಚಾಚಿದ. ಅವನಿಂದ ಮೆಚ್ಚುಗೆ ಎಂದರೆ ಅಷ್ಟೇ.

ಅಕ್ಟೋಬರ್ ನಾಲ್ಕರ ಬೆಳಿಗ್ಗೆ ಪ್ಲಾತಾನೊದ ಸೇತುವೆಯ ಮೇಲೆ ದಾರಿಸಾಕ್ಷಿ ನಿಂತಿದ್ದಳು. ಲಾಂಬ್ರಿನಿ ಎಂದು ಹೆಸರು, ಮೂವತ್ತರ ಆಚೀಚೆ, ಒಪ್ಪವಾಗಿ ಗುಂಡಿ ಹಾಕಿದ ಬೂದುಬಣ್ಣದ ಕೋಟು. "ನಾನು ನಿಮಗೆ ಸಹಾಯ ಮಾಡುವಂತಿಲ್ಲ, ಅಡ್ಡಿಯನ್ನೂ ಮಾಡುವುದಿಲ್ಲ" ಎಂದಳು. ಸೂರ್ಯನ ಮೊದಲ ಗೆರೆ ಕಂಡಾಗ ಗಂಟೆ ಬಾರಿಸಿದಳು.

ಮೊದಲ ಘಟ್ಟ ಬೀಚ್ ಎಂಬ ಇಲ್ಲಿನ ದೊಡ್ಡ ಮರಗಳ ನಡುವೆ ಹೋಗುತ್ತದೆ. ಎಲೆ ಹಣ್ಣಾಗುವ ಕಾಲ. ಎರಡು ತಾಸು ನನ್ನ ಉಸಿರು, ಸರಪಳಿಯ ಕಿಟಿಕಿಟಿ ಬಿಟ್ಟು ಬೇರೆ ಸದ್ದಿರಲಿಲ್ಲ. ಒಂದು ಕಡೆ ಕುರಿಮಂದೆ ರಸ್ತೆ ತುಂಬಿಕೊಂಡಿತ್ತು. ಕುರುಬ ಸೀಟಿ ಹೊಡೆದು ದಾರಿ ಬಿಡಿಸಿ, ಟೋಪಿ ತೆಗೆದು ನಿಂತ. ಮಧ್ಯಾಹ್ನಕ್ಕೆ ನಮ್ಮೂರಿಗಿಳಿದೆ. ಎವಾಂಥಿಯಾ ಉಪ್ಪು ಹಾಕಿದ ಮೊಸರುನೀರು ಕೊಟ್ಟಳು. "ನನಗಾಗಿ ಹೋಗುತ್ತಿದ್ದೀಯ ಎಂದುಕೊಂಡರೆ ಈಗಲೇ ಇಳಿದುಬಿಡು, ಆ ಋಣ ನನಗೆ ಬೇಡ" ಎಂದಳು. "ನನ್ನ ಒಲೆ ಇಲ್ಲಿದೆ, ನನಗಾಗಿ ಹೋಗುತ್ತಿದ್ದೇನೆ" ಎಂದೆ. ಅವಳು ನಕ್ಕು ಬೆನ್ನಿಗೊಂದು ಗುದ್ದಿದಳು.

ಎರಡನೆಯ ಘಟ್ಟದಲ್ಲಿ, ಊರಿನಿಂದ ಆರು ಕಿಲೋಮೀಟರ್ ಮೇಲೆ, ರಸ್ತೆಯೇ ಇರಲಿಲ್ಲ. ಹಿಂದಿನ ವಾರದ ಮಳೆಗೆ, ಊರಿನಲ್ಲಿ ಯಾರಿಗೂ ತಿಳಿಯದೆ, ಗುಡ್ಡ ಕುಸಿದು ಐವತ್ತು ಮಾರು ದೂರ ಬಂಡೆ, ಮಣ್ಣು, ಬುಡಸಮೇತ ಕಿತ್ತ ಮರಗಳು. ಕೆಳಗೆ ಪ್ರಪಾತ. ಲಾಂಬ್ರಿನಿ ಸೈಕಲ್ ಇಳಿದು ನನ್ನ ಪಕ್ಕಕ್ಕೆ ಬಂದಳು.

"ಇಲ್ಲಿಗೇ ನಿಲ್ಲಿಸಬಹುದಮ್ಮ. ರಸ್ತೆ ಕುಸಿದಿತ್ತೆಂದು ಬರೆಯುತ್ತೇನೆ. ಯಾರೂ ನಿಮ್ಮನ್ನು ದೂರುವುದಿಲ್ಲ."

"ಹಾಗೆ ಬರೆದರೆ ರಸ್ತೆ ಉಳಿಯುತ್ತದೆಯೇ?"

ಅವಳು ಸುಳ್ಳು ಹೇಳಲಿಲ್ಲ. "ಇಲ್ಲ."

"ಹಾಗಾದರೆ ಬರೆಯುವುದನ್ನು ಆಮೇಲೆ ಬರಿ."

ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡೆ. ಒಂದು ಕೈಯಲ್ಲಿ ಬೇರು ಹಿಡಿದು, ಕಾಲಿಟ್ಟ ಕಲ್ಲು ನಿಲ್ಲುತ್ತದೆಯೋ ಉರುಳುತ್ತದೆಯೋ ಎಂದು ಒತ್ತಿ ನೋಡಿ, ಒಂದೊಂದೇ ಹೆಜ್ಜೆ. ಮಧ್ಯದಲ್ಲಿ ಕಲ್ಲೊಂದು ಜಾರಿ ಮೊಣಕಾಲಿನ ಚರ್ಮ ಕಿತ್ತುಹೋಯಿತು. ಅಲ್ಲಿ ಕೂತು ಅತ್ತುಬಿಟ್ಟೆ, ಅಜ್ಜಿ. ನೋವಿಗಲ್ಲ, ಹೊತ್ತು ಹೋಗುತ್ತಿದೆಯಲ್ಲ ಎಂಬ ಸಿಟ್ಟಿಗೆ. ಅಳು ಮುಗಿಸಿ ಎದ್ದೆ. ಐವತ್ತು ಮಾರಿಗೆ ಒಂದೂಕಾಲು ತಾಸು ಹಿಡಿಯಿತು.

ಘಟ್ಟದ ತುದಿ ಮುಟ್ಟುವಷ್ಟರಲ್ಲಿ ಬಿಸಿಲು ಹಳದಿಯಾಗಿತ್ತು. ಇಳಿಜಾರಿನಲ್ಲಿ ಬ್ರೇಕ್ ಹಿಡಿದು, ಬಿಟ್ಟು, ಹಿಡಿದು ಮಿಲಿಯಾದ ಬಾವಿಕಟ್ಟೆ ಮುಟ್ಟಿದೆ. ಲಾಂಬ್ರಿನಿ ಗಡಿಯಾರ ನೋಡಿದಳು.

"ಒಂಬತ್ತು ನಿಮಿಷ ತಡ" ಎಂದಳು. "ನಾನು ಇದ್ದದ್ದನ್ನೇ ಬರೆಯಬೇಕು."

"ಬರಿ. ಇಲ್ಲದ್ದನ್ನು ಬರೆದ ರಸ್ತೆಯ ಮೇಲೆ ನಾನು ಹೇಗೆ ಓಡಾಡಲಿ?"

ಬರೆದಳು. ಆಮೇಲೆ ಕಾಯಿದೆಯ ಪುಸ್ತಕ ತೆಗೆದು ನನ್ನೆದುರು ಹಿಡಿದಳು. ದಾರಿಯಲ್ಲಿ ಪ್ರಕೃತಿಯ ಅಡಚಣೆ ಎದುರಾಗಿದ್ದರೆ ಅದೇ ಸವಾರ ಏಳು ದಿನದೊಳಗೆ ಇನ್ನೊಮ್ಮೆ ಯತ್ನಿಸಬಹುದು. "ಇದನ್ನು ತಿಳಿಸುವುದು ಸಹಾಯವಲ್ಲ, ನನ್ನ ಕೆಲಸ" ಎಂದಳು. "ಆದರೆ ನಿಮ್ಮ ಕಾಲು..."

ಕಾಲು ಬಾತು ಕಂಬದಂತಾಗಿತ್ತು. ಮಿಲಿಯಾದವರು ರಾತ್ರಿಯಿಡೀ ಕಾಡಿನ ಕಾಲುದಾರಿಯಲ್ಲಿ ಹೇಸರಗತ್ತೆಯ ಮೇಲೆ ನನ್ನನ್ನೂ ಸೈಕಲ್ಲನ್ನೂ ಊರಿಗೆ ಮುಟ್ಟಿಸಿದರು. ಮೂರು ದಿನ ಮಂಚದಿಂದ ಇಳಿಯಲಾಗಲಿಲ್ಲ. ಊರು ನಿಶ್ಶಬ್ದವಾಗಿತ್ತು. ಯಾರೂ ನೋಡಲು ಬರಲಿಲ್ಲ. ಸೋತವಳ ಮುಖ ನೋಡಲು ಇವರಿಗೆ ಇಷ್ಟವಿಲ್ಲವೆಂದು ಮನಸ್ಸಿನಲ್ಲೇ ಎಲ್ಲರನ್ನೂ ಕನ್ನಡದಲ್ಲಿ ಬೈದೆ. ನಾಲ್ಕನೆಯ ದಿನ ಕುಂಟುತ್ತ ಹೊರಗೆ ಬಂದರೆ ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಹೇಸರಗತ್ತೆಯೂ ಇಲ್ಲ. ಸೈಕಲ್ ಹತ್ತಿ ಘಟ್ಟದ ಕಡೆ ಹೋದೆ.

ಎಲ್ಲರೂ ಅಲ್ಲಿದ್ದರು. ಸಲಿಕೆ, ಹಾರೆ, ಗರಗಸ, ಹಿಟ್ಟಿನ ಬುಟ್ಟಿಗಳು. ಎಂಬತ್ತನಾಲ್ಕರ ಸ್ತಮಾತಿಸ್ ಮರದ ಕೊಂಬೆ ಕೊಯ್ಯುತ್ತಿದ್ದ. ಅಂಚೆಮನೆಯ ಕಳ್ಳಿರೋಯಿ ಮೊಣಕಾಲೂರಿ ಕೈಯಿಂದಲೇ ಕಲ್ಲು ಎತ್ತಿಡುತ್ತಿದ್ದಳು. ಝೀಸಿಸ್ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಬೈಯುತ್ತಿದ್ದ. ಎವಾಂಥಿಯಾ, ಎರಡು ದಿನ ಬಿಟ್ಟು ರಕ್ತ ತೊಳೆಸಿಕೊಳ್ಳಬೇಕಾದವಳು, ಕಾಲು ಊದಿಸಿಕೊಂಡೇ ಬುಟ್ಟಿ ಹಿಡಿದು ಸಾಲಿನಲ್ಲಿ ನಿಂತಿದ್ದಳು. ಬಂಡೆಗಳ ನಡುವೆ ಒಂದು ಮಾರು ಅಗಲದ ದಾರಿ ಮುಕ್ಕಾಲು ಭಾಗ ಬಿಡಿಸಿಯಾಗಿತ್ತು.

ನನ್ನನ್ನು ಕಂಡು ಝೀಸಿಸ್ ಕೋಲೆತ್ತಿದ. "ನೀನು ಯಾಕೆ ಬಂದೆ? ಹೋಗಿ ಮಲಗು! ನಿನ್ನ ಕೆಲಸ ಸೋಮವಾರ!"

ಅಕ್ಟೋಬರ್ ಹನ್ನೊಂದರ ಸೋಮವಾರ ಮತ್ತೆ ಹೊರಟೆ. ಕುಸಿದ ಜಾಗವನ್ನು ಸೈಕಲ್ ಇಳಿಯದೆ ದಾಟಿದೆ. ಎರಡೂ ಬದಿಗೆ ಅವರೆಲ್ಲ ಸಲಿಕೆ ಹಿಡಿದು ನಿಂತಿದ್ದರು. ಮಿಲಿಯಾ ಮುಟ್ಟಿದಾಗ ಸೂರ್ಯ ಬೆಟ್ಟದ ಮೇಲೆ ಇನ್ನೂ ಒಂದು ಗೇಣು ಇದ್ದ. ಲಾಂಬ್ರಿನಿ ಬರೆದು, ಮೊಹರು ಹಾಕಿ, ಪುಸ್ತಕ ಮುಚ್ಚಿ, ಕೋಟಿನ ಗುಂಡಿ ಬಿಚ್ಚಿ ಕಟ್ಟೆಯ ಮೇಲೆ ಕೂತಳು. "ಇನ್ನು ನಾನು ಸಾಕ್ಷಿಯಲ್ಲ" ಎಂದು ನನ್ನ ತಲೆಯ ಮೇಲೆ ಬಾವಿಯ ನೀರು ಸುರಿದಳು.

ಈ ವರ್ಷದ ಕಾಲ್ದಿನ ಬರುವ ಮಂಗಳವಾರ. ನಾನೇ ಹೋಗುತ್ತೇನೆ. ಮುಂದಿನ ವರ್ಷವೂ. ಅಂಚೆಮನೆಯ ಕಳ್ಳಿರೋಯಿ ಈಗ ಮೊದಲ ತಿರುವಿನಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ. ಅವಳಿಗೆ ಐವತ್ತೆರಡು, ಭುಜ ಬಹಳ ಕುಣಿಸುತ್ತಾಳೆ.

ಅಜ್ಜಿ, ನಿಮ್ಮಿಂದ ಒಂದೇ ಕೇಳಿಕೆ. ಮೂರು ವರ್ಷದ ನಂತರ ಈ ಘಟ್ಟ ಹತ್ತುವ ದಿನ ನೀವು ದಿನಚರಿಯಲ್ಲಿ ಬರೆಯುವ ಪುಟ ನನ್ನ ಹತ್ತಿರ ಇದೆ. 'ಇಡೀ ದಿನ ಒಬ್ಬರೂ ಸಿಗಲಿಲ್ಲ, ಎಂಥ ನಿರ್ಜನ, ಎಂಥ ಚೆಂದದ ರಸ್ತೆ' ಎಂದಿದ್ದೀರಿ. ಚೆಂದದ ಮಾತು ನಿಜ. ಆದರೆ ಬೆಟ್ಟದಲ್ಲಿ ರಸ್ತೆ ತಾನಾಗಿ ಒಂದು ಮಳೆಗಾಲವೂ ಉಳಿಯುವುದಿಲ್ಲ. ಅವತ್ತು ಬೆಳಿಗ್ಗೆ ನಿಮಗಿಂತ ಮುಂಚೆ ಯಾರೋ ಬಂದು ಕಲ್ಲು ಎತ್ತಿಟ್ಟು ಹೋಗಿರುತ್ತಾರೆ. ಊರಿನಲ್ಲಿ ಸೈಕಲ್ ನಿಲ್ಲಿಸಿ, ಅದು ಯಾರೆಂದು ವಿಚಾರಿಸಿ, ಹೆಸರು ಕೇಳಿ ಬರೆದಿಡಿ. ಆ ಪುಟದ ಕೆಳಗೆ ಎರಡು ಸಾಲು ಖಾಲಿ ಬಿಟ್ಟಿದ್ದೀರಿ.

ಇತಿ,
ಬಸವ್ವ