ಭೂಮಿಕಾಳ ನಾಮಕರಣ

ಹಳೇನಗರ, ಭದ್ರಾವತಿ
೧೪ ಆಗಸ್ಟ್ ೨೦೨೫

ಚಿ. ಸೌ. ದೀಪಶ್ರೀಗೆ,

ಅಮ್ಮನ ಆಶೀರ್ವಾದಗಳು. ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಸೋಮವಾರದಿಂದ ನಿನ್ನ ಫೋನ್ ಎತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಎತ್ತಿದರೆ ಕೂಗಾಡಿಬಿಡುತ್ತೇನೆ. ಬಿ.ಪಿ. ಮಾತ್ರೆ ನುಂಗುವ ಹೆಂಗಸು ನಾನು, ಅದಕ್ಕೇ ಈ ಕಾಗದ.

ಗೌರಿ ಹಬ್ಬಕ್ಕೆ ಬರಲೇ ಎಂದು ಮೆಸೇಜು ಹಾಕಿದ್ದೀಯ. ಏನು ಹೇಳಲಿ ಮಾರಾಯ್ತಿ? "ದೀಪಾ ಬಂದ್ರೆ ನಾನು ಮಗೂನ ಎತ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ" ಎನ್ನುತ್ತಾಳೆ ನಿನ್ನ ಅತ್ತಿಗೆ ಕವನಾ. ನಿನ್ನಣ್ಣ ರವಿಶಂಕರ ನಿನ್ನ ಹೆಸರೆತ್ತಿದರೆ ಎದ್ದು ಹೊರಗೆ ಹೋಗುತ್ತಾನೆ. ಮನೆಮಗಳನ್ನು ಬಾಗಿನಕ್ಕೆ ಬರಬೇಡ ಎನ್ನುವ ಬಾಯಿ ನನಗಿಲ್ಲ, ಬಾ ಎನ್ನುವ ಧೈರ್ಯವೂ ಇಲ್ಲ.

ಅಭಯ ಕೂಸಾಗಿದ್ದಾಗ ಲಸಿಕೆ ಹಾಕಿಸಿದ ದಿನ ಜ್ವರ ಏರಿ ಫಿಟ್ಸ್ ಬಂದದ್ದನ್ನು ನಾನೂ ಕಂಡಿದ್ದೇನೆ. ನಿನ್ನ ಭಯ ಸುಳ್ಳಲ್ಲ. ಆದರೆ ಆಮೇಲೆ ಒಂದನ್ನೂ ಹಾಕಿಸಲಿಲ್ಲ ನೀನು. ಡಾಕ್ಟರು ಹೇಳಿದರು, ಅಣ್ಣ ಬೈದ. "ನನ್ನ ಮಗನ ಮೈ, ನಾನು ನೋಡ್ಕೋತೀನಿ" ಅಂದೆ. ಆಯಿತು, ಹೆತ್ತವಳು ನೀನು. ದಡಾರಕ್ಕೆ ನಿನ್ನ ಮನೆ, ಅಣ್ಣನ ಮನೆ ಎಂಬ ಭೇದ ಗೊತ್ತೇನೇ? ಅಣ್ಣನ ಮಗಳು ಭೂಮಿಕಾ ನಾಮಕರಣದ ಹೊತ್ತಿಗೆ ಐದು ತಿಂಗಳ ಕೂಸು. ದಡಾರದ ಲಸಿಕೆ ಕೊಡುವುದೇ ಒಂಬತ್ತು ತಿಂಗಳಿಗೆ. ಅಲ್ಲಿಯವರೆಗೆ ಅವಳನ್ನು ಕಾಯಬೇಕಾದವರು ನಾವು.

ನಾಮಕರಣದ ದಿನ ಅಭಯನ ಮೈ ಬಿಸಿಯಿತ್ತು, ಕಣ್ಣು ಕೆಂಪಗಿತ್ತು. "ಬಸ್ಸಿನ ಗಾಳಿ ಅಮ್ಮ, ಏನಾಗಲ್ಲ" ಅಂದೆ. ಅದನ್ನೂ ಬಿಡು, ನಿನಗೂ ಗೊತ್ತಿರಲಿಲ್ಲ. ನೀವು ಗೋಪಾಳದ ನಿಮ್ಮ ಮನೆಗೆ ಹೋದ ಮಾರನೆಯ ದಿನ ಅವನ ಮೈತುಂಬ ದದ್ದು ಎದ್ದಾಗ? ಅಮ್ಮ ಬಂದಿದ್ದಾಳೆ, ಯಾರಿಗೂ ಹೇಳಬಾರದು ಎಂದು ಬಾಗಿಲಿಗೆ ಬೇವಿನಸೊಪ್ಪು ಕಟ್ಟಿ ಸುಮ್ಮನೆ ಕೂತೆಯಲ್ಲ! ಎಂ.ಎಸ್ಸಿ. ಓದಿದವಳು! ಭೂಮಿಕಾ ದಡಾರದ ಜ್ವರದಿಂದ ಆಸ್ಪತ್ರೆ ಸೇರಿದ ಮೇಲೆ, ನಿನ್ನ ಪಕ್ಕದ ಮನೆಯ ವಿಮಲಮ್ಮನಿಂದ ನಮಗೆ ವಿಷಯ ಗೊತ್ತಾಗಬೇಕಾಯಿತು.

ನೀನು ಆವತ್ತೇ ಫೋನ್ ಮಾಡಿದ್ದರೆ ದಡಾರ ಏಳದ ಹಾಗೆ ಮಗುವಿಗೆ ಬೇರೆ ಇಂಜೆಕ್ಷನ್ ಕೊಟ್ಟು ನೋಡಬಹುದಿತ್ತಂತೆ. ಡಾಕ್ಟರು ಹಾಗೆಂದಾಗ ಕವನಾ ಅಳಲಿಲ್ಲ, ನನ್ನ ಮುಖ ನೋಡಿದಳು. ನಿನ್ನನ್ನು ಹೆತ್ತವಳು ನಾನಲ್ಲವೇ.

ಅಭಯ ಹುಷಾರಾದನಲ್ಲ, ಅಷ್ಟು ಸಾಕು. ಅವನ ತಪ್ಪೇನಿದೆ, ನನ್ನದೊಂದು ಮುತ್ತು ಕೊಡು. ಉಳಿದ ಲಸಿಕೆಗಳನ್ನು ಡಾಕ್ಟರನ್ನು ಕೇಳಿ ಹಾಕಿಸು, ಫಿಟ್ಸ್ ಬಂದದ್ದನ್ನು ಮೊದಲೇ ಹೇಳು. ಕೋಪದಲ್ಲಿ ಬರೆದೆನೆಂದು ಆಶೀರ್ವಾದ ಕಮ್ಮಿಯಾಗುವುದಿಲ್ಲ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಸುಭದ್ರಮ್ಮ

ತಾ.ಕ.: ಸೋಮವಾರ ಶಿವಮೊಗ್ಗದಲ್ಲಿ ಭೂಮಿಕಾಳ ಪರೀಕ್ಷೆ ಮಾಡಿದರು. ದಡಾರದಿಂದಾಗಿ ಎರಡೂ ಕಿವಿ ಕೇಳಿಸುವುದಿಲ್ಲವಂತೆ. ಸೋದರತ್ತೆಯೆಂದು ತೊಟ್ಟಿಲಿಗೆ ಬಗ್ಗಿ ಅವಳ ಕಿವಿಯಲ್ಲಿ ಹೆಸರು ಹೇಳಿದವಳು ನೀನೇ. ನಿನ್ನ ದನಿಗೆ ಎಷ್ಟು ಚೆನ್ನಾಗಿ ನಕ್ಕಿದ್ದಳು! ಕವನಾ ಈಗಲೂ ಹಿಂದೆ ನಿಂತು ಆ ಹೆಸರನ್ನೇ ಕರೆಯುತ್ತಿರುತ್ತಾಳೆ. ಮಗು ತಿರುಗುವುದಿಲ್ಲ.