ಸವೆದ ಕೊಕ್ಕು

ದಬ್ಬೇಘಟ್ಟ
೧೨-೧೦-೧೯೮೧

ಅತ್ತಿಗೆಗೆ ನಮಸ್ಕಾರ.

ಇಲ್ಲಿ ಎತ್ತ ನೋಡಿದರೂ ತೆಂಗು. ಆಕಾಶ ಗರಿಗಳ ನಡುವೆ ಚೂರುಚೂರಾಗಿ ಕಾಣುತ್ತದೆ. ಮ್ಯೂಸಿಯಮ್ಮಿನ ಹಕ್ಕಿ ವಿಭಾಗ ನೋಡಿಕೊಳ್ಳುವ ಗೆಳತಿ ಗಿರಿಜಾಂಬಿಕೆಯ ಬಲೆಗೆ ನಿನ್ನೆ ಒಂದು ಮರಕುಟಿಗ ಬಿತ್ತು. ಕಾಲಿನಲ್ಲಿ ಹೋದ ಬೇಸಿಗೆ ಅವಳೇ ತೊಡಿಸಿದ್ದ ಉಂಗುರ. ಆಗ ಅಳೆದಾಗ ಗಿಡ್ಡವಿದ್ದ ಕೊಕ್ಕು ಈಗ ಉದ್ದವಾಗಿದೆ! ಗಿಡ್ಡ ಕೊಕ್ಕಿನವು ಬೇರೆಯೇ ಪ್ರಭೇದವಾಗಿ ಕವಲೊಡೆದಿವೆ ಎಂದು ಹದಿನೆಂಟು ವರ್ಷದ ಹಿಂದೆ ಬರೆದವಳು ಅವಳೇ. ಹೆಸರು ತಂದದ್ದೂ ಅದೇ ಪ್ರಬಂಧ. ಒಂದೇ ಹಕ್ಕಿಗೆ ಎರಡೂ ಬಗೆಯ ಕೊಕ್ಕು ಎಂದರೆ ಆ ಪ್ರಭೇದವೇ ಇಲ್ಲವೆಂದಾಯಿತು; ಅವಳು ಮತ್ತೆ ಮತ್ತೆ ಅಳೆದಳು.

ಪಕ್ಕದಲ್ಲಿ ಹಾರೆಗೆ ಕುಕ್ಕಿ ಕಾಯಿ ಸುಲಿಯುತ್ತಿದ್ದ ಹುಚ್ಚರಂಗಯ್ಯ ನಕ್ಕ. “ಬೇಸ್ಗೇಲಿ ಕಾಯಿ ಕುಟ್ಟಿ ಕುಟ್ಟಿ ಸವ್ದಿತ್ತು ಕಣ್ರವ್ವ. ನನ್ ಹಾರೆ ಮೊನೆನೇ ಸವೀತದೆ, ಕೊಕ್ಕು ಸವಿಯಾಕಿಲ್ವಾ? ಅದ್ರುದು ಮತ್ತೆ ಬೆಳೀತದೆ, ನಂದು ಬೆಳಿಯಾಕಿಲ್ಲ, ಅಷ್ಟೇಯ.”

ಅವಳು ಹೋಗಿ ಹಾರೆಯ ಮೊನೆ ಮುಟ್ಟಿ ನೋಡಿದಳು. ಹಕ್ಕಿಯನ್ನು ಹಾರಿಬಿಟ್ಟು, ಮಟ್ಟೆಯ ರಾಶಿಯ ಮೇಲೆ ಕೂತು, ತನ್ನ ಪ್ರಬಂಧ ತಪ್ಪು, ತೋರಿಸಿಕೊಟ್ಟವರು ದಬ್ಬೇಘಟ್ಟದ ಹುಚ್ಚರಂಗಯ್ಯ ಎಂದು ಅದನ್ನು ಅಚ್ಚು ಮಾಡಿದ್ದ ಪತ್ರಿಕೆಗೇ ಬರೆದಳು. “ನಾನೇ ಹೋದರೆ ದಾರಿಯಲ್ಲಿ ಮನಸ್ಸು ಬದಲಾದೀತು ಕಣೇ, ನೀನೇ ಹಾಕಿ ಬಾ” ಎಂದು ಲಕೋಟೆ ನನ್ನ ಕೈಗಿತ್ತಳು. ಇಂಥವಳು ನನ್ನ ಗೆಳತಿಯೆಂದು ಜಂಬ ಬಂದಿದೆ.

ಎಳನೀರು ಹೆಚ್ಚಾಗಿ ನೆಗಡಿ, ಗಾಬರಿ ಬೇಡ. ಅಣ್ಣನ ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ಲಕೋಟೆಯನ್ನು ಈಗಷ್ಟೇ ಅಂಚೆಡಬ್ಬಿಗೆ ಹಾಕಿ, ಪಕ್ಕದ ಕಟ್ಟೆಯ ಮೇಲೆ ಕೂತು ಇದನ್ನು ಮುಗಿಸುತ್ತಿದ್ದೇನೆ. ನನ್ನ ಹಿಂದೆಯೇ ಬಂದ ಗಿರಿಜಾಂಬಿಕೆ ರಸ್ತೆಯಾಚೆ ನಿಂತು, ಬಿತ್ತೇ ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದಾಳೆ.

ಶಾಂತಕುಮಾರಿ